ಪ್ಲೇಟು ಬೇಡ, ಎಲೆ ಸಾಕು

ಗೆಳತಿಯರೇ, ಸೋಮವಾರ ನನ್ನ ಮದುವೆ, ಇವತ್ತು ನನ್ನ ಆಲ್ಬಮ್ಮು ಕೈತಪ್ಪಿ ಹೋಗುವುದರಲ್ಲಿತ್ತು. ಯಾವ ಆರು ಚಿತ್ರ ತೆಗೆಸಬೇಕೆಂದು ತಿಂಗಳಿಂದ ಪಟ್ಟಿ ಬರೆದು ಹರಿದು ಕೂತವಳು ನಾನು. ಮಧ್ಯಾಹ್ನ ಕೋಲಾರದ ಫೋಟೋದವರು, ನಮ್ಮ ತಾತ ಬರೆದ ಕಾರ್ಡು ಹಿಡಿದುಕೊಂಡು ನಮ್ಮೂರು ಮಾಸ್ತಿಗೇ ಬಂದುಬಿಟ್ಟರು. ಮದುವೆಗೆ ಆರು ಪ್ಲೇಟು ತರುತ್ತೇನೆಂದು ಫೋಟೋದವರು ಮೊದಲೇ ಬರೆದಿದ್ದರಂತೆ. "ಪ್ಲೇಟು ಬೇಡ, ನಮ್ಮದು ಎಲೆ ಊಟ" ಎಂದು ತಾತ ಉತ್ತರ ಹಾಕಿದ್ದಾರೆ.

"ಪ್ಲೇಟಿಲ್ದೆ ಬಂದು ನಾನೇನ್ ಮಾಡ್ಲಿ ಸ್ವಾಮಿ?" ಎಂದರು ಫೋಟೋದವರು.

"ಊಟ ಮಾಡಿ. ಎಲೆ ನಾವೇ ಹಾಕ್ತೀವಲ್ಲ" ಎಂದರು ತಾತ.

ಫೋಟೋದವರು ಚೀಲದಿಂದ ಹಳೆಯ ಗಾಜಿನ ಪ್ಲೇಟೊಂದನ್ನು ತೆಗೆದು, ಚಿತ್ರ ಮೂಡುವುದು ಇದರ ಮೇಲೆ, ಒಂದಕ್ಕೆ ಒಂದೇ ಚಿತ್ರ ಎಂದು ತೋರಿಸಿದರು. ತಾತ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಏಳು ತನ್ನಿ. ಒಂದು ನಂದು, ಮೊದಲ್ನೇ ಪುಟಕ್ಕೆ."

"ಯಾವ ಥರ ತೆಗೀಲಿ?"

"ಎಲೆ ಮುಂದೆ ಕೂತಿರೋ ಥರ."

ಬೇಗ ಬೇಗ ಪಟ್ಟಿ ತಿದ್ದಿಬಿಟ್ಟೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ವರಮಹಾಶಯರು ಎರಡನೆಯ ಪುಟದಿಂದ ಶುರುವಾಗುತ್ತಾರೆ.