ಅನ್ವರಬಿಯ ಬಲಗೈ

ರಂಗಂಪೇಟೆಯ ಬಳೆಗಾರ್ತಿ ಅನ್ವರಬಿಯ ಬಲ ಹೆಗಲಿನ ಹಿಂದಿನ ಅಗಲ ಮೂಳೆಯನ್ನು, ಅಂದರೆ ರೆಕ್ಕೆಮೂಳೆಯನ್ನು, ಹೈದರಾಬಾದಿನ ವೈದ್ಯರು ಗಡ್ಡೆಸಮೇತ ತೆಗೆದು ಎರಡು ವರ್ಷವಾಯಿತು. ತೋಳು ಈಗ ಪಕ್ಕಕ್ಕೆ ನಲವತ್ತು ಡಿಗ್ರಿಗಿಂತ ಮೇಲೇಳುವುದಿಲ್ಲ. ಬಾಯಿಗೆ ತುತ್ತು ಮುಟ್ಟುತ್ತದೆ; ತಲೆ ಬಾಚಲು ಮಾತ್ರ ತಲೆಯನ್ನೇ ಬಾಚಣಿಗೆಯ ಬಳಿಗೆ ಬಗ್ಗಿಸಬೇಕು. ಮೊಣಕೈ, ಮಣಿಕಟ್ಟು, ಬೆರಳುಗಳಿಗೆ ಏನೂ ಆಗಿಲ್ಲ. ಬಳೆ ತೊಡಿಸುವ ಕೆಲಸ ನಡೆಯುವುದು ಮಡಿಲಿನ ಮಟ್ಟದಲ್ಲಿ.

ಇದನ್ನು ತಿಳಿಯಲು ಹೆಚ್ಚು ಬುದ್ಧಿ ಬೇಕಿಲ್ಲ. ಅಷ್ಟೂ ಪೇಟೆಯಲ್ಲಿ ಸಿಗಲಿಲ್ಲ. ಊನದ ಕೈ ಶುಭವಲ್ಲವೆಂದು ಕುಬಸದ ಮನೆಗಳು, ಬಸುರಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರದ ಮನೆಗಳು, ಒಂದೊಂದಾಗಿ ಅವಳನ್ನು ಬಿಟ್ಟವು. ಉಳಿದಿದ್ದದ್ದು ದೇವಕಮ್ಮನವರ ಮನೆ. ಅದೂ ತಪ್ಪಿದರೆ ಅನ್ವರಬಿ ಬಳೆಗಾರ್ತಿಯಾಗಿ ಉಳಿಯುತ್ತಿರಲಿಲ್ಲ.

ದೇವಕಮ್ಮ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವರು. ಅಸ್ಥಿಪಂಜರದ ಚಿತ್ರ ಬರೆಸಿ, ಒಂದು ಮೂಳೆ ಬಿಟ್ಟವರ ಅಂಕ ಕಡಿಯುತ್ತಿದ್ದರು. ಸೊಸೆ ಪರಿಮಳಾಳ ಕುಬಸಕ್ಕೆ ಅನ್ವರಬಿಯ ಅಂಕವನ್ನೂ ಹಾಗೇ ಕಡಿದರು. ಅವಳನ್ನು ಕರೆಯದೆ ಸುರಪುರದ ಬಜಾರಿನಿಂದ ಬಳೆಯ ಡಬ್ಬಿ ತಂದರು.

ಏಳನೆಯ ತಿಂಗಳು, ಪರಿಮಳಾಳ ಕೈ ಬಾತಿತ್ತು. ನೆರೆಮನೆಯ ಸುಮಂಗಲಾ ಸೋಪು ಹಚ್ಚಿ ತಳ್ಳಿದಳು. ಮೊದಲ ಬಳೆ ಹೆಬ್ಬೆರಳಿನ ಬುಡದಲ್ಲೇ ನಿಂತಿತು. ಇಂಥ ದಿನ ತನ್ನ ಕೈಯಲ್ಲಿ ಬಳೆ ಒಡೆದರೆ? ಸುತ್ತ ಕೂತ ಮುತ್ತೈದೆಯರ ಶುಭದ ಕೈಗಳೆಲ್ಲ ಒಟ್ಟಿಗೆ ಸೆರಗಿನೊಳಗೆ ಹೋದವು.

“ಅತ್ತಿ, ಅನ್ವರಬಿ ಖಾಲಾನ್ನ ಕರಸ್ರಿ. ಇಲ್ಲಾಂದ್ರ ನಾ ಏಳ್ತೀನಿ,” ಎಂದಳು ಪರಿಮಳಾ.

ಅನ್ವರಬಿ ಬಂದು ಚಾಪೆಯ ಮೇಲೆ ಕೂತಳು. ದೇವಕಮ್ಮನವರಿಗೆ ಆಗಲೂ ಪರೀಕ್ಷೆ ಮಾಡುವ ಆಸೆ.

“ಕೈ ಏಳ್ತದೇನ್ ಅನ್ವರಬಿ? ಒಮ್ಮಿ ಎತ್ತಿ ತೋರ್ಸು.”

“ಬಳಿ ಸೊಸಿಗಿ ಹಾಕಬೇಕೋ, ಮಾಳಿಗಿ ತೊಲಿಗಿ ಹಾಕಬೇಕೋ, ಅಮ್ಮಾರ?”

“ಹಂಗಲ್ಲ. ಎಲಬ ಇಲ್ಲಂತಲ್ಲ...”

“ನನ್ನದು ಒಂದೆಲಬು ಹೋಗ್ಯಾದ್ರಿ. ಇಲ್ಲಿ ಕುಂತೋರಿಗಿ ಎಲ್ಲಾ ಎಲಬೂ ಅದಾವ. ಒಂದ್ ಬಳಿ ದಾಟಿಲ್ಲ.”

ಪರಿಮಳಾ ಕಿಸಕ್ಕನೆ ನಕ್ಕಳು.

ಅನ್ವರಬಿ ಡಬ್ಬಿಯನ್ನು ಬದಿಗೆ ಸರಿಸಿ ತನ್ನ ಬುಟ್ಟಿಯಿಂದ ಬಳೆ ತೆಗೆದಳು. ಪರಿಮಳಾಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ತನ್ನ ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಳು; ಆಸ್ಪತ್ರೆಯಲ್ಲಿ ಕಲಿತದ್ದು ಅದೊಂದೇ. ಉಳಿದದ್ದು ತಾಯಿಯಿಂದ ಬಂದದ್ದು. ಎಡಗೈಯಿಂದ ಅಂಗೈಯನ್ನು ಹಿಂಡಿ ಹೆಬ್ಬೆರಳನ್ನು ಒಳಕ್ಕೆ ಮಡಚಿದಳು, ಬಲಗೈಯಿಂದ ಬಳೆಯನ್ನು ಅರೆಸುತ್ತು ತಿರುಗಿಸಿದಳು. ದಾಟಿತು. ಇಪ್ಪತ್ತೊಂದು ಬಳೆ ತೊಡಿಸುವಷ್ಟರಲ್ಲಿ ಒಂದೂ ಒಡೆಯಲಿಲ್ಲ.

ದೇವಕಮ್ಮ ರವಿಕೆಯ ಖಣ, ಎಲೆ, ಅಡಿಕೆ ತಂದು ನಿಂತಲ್ಲಿಂದಲೇ ಚಾಚಿದರು. ಅನ್ವರಬಿ ಬಲಗೈ ಎತ್ತಿದಳು. ಅದು ಅವಳ ಎದೆಯ ಮಟ್ಟಕ್ಕೆ ಬಂದು ನಿಂತಿತು.

“ಎಡಗೈಲೆ ತಗೋ, ಏನಾಗ್ತದ,” ಎಂದರು ದೇವಕಮ್ಮ.

“ಶುಭದ್ದು ಎಡಗೈಲೆ ತಗೋತಾರೇನ್ರಿ? ನಂದು ಇಷ್ಟೇ ಬರ್ತದ. ಉಳಿದದ್ದು ನೀವ ಬರ್ರಿ.”

ಮಂಡಿನೋವಿನ ದೇವಕಮ್ಮ ಬಾಗಿಲ ಚೌಕಟ್ಟು ಹಿಡಿದು, ನಿಧಾನವಾಗಿ, ಆ ಕೈ ಇದ್ದಲ್ಲಿಯವರೆಗೆ ಬಗ್ಗಿದರು.

ಹೊರಟ ಅನ್ವರಬಿಯ ಹಿಂದೆಯೇ ಸುಮಂಗಲಾ ಅಂಗಳಕ್ಕೆ ಬಂದಳು. “ಮುಂದಿನ ತಿಂಗಳ ನಮ್ಮ ಮಗಳದ್ದು ಅದ. ಬರ್ತಿಯೇನ?”

“ಬರ್ತೀನ್ರಿ. ಕೈ ಎತ್ತು ಅಂತ ಮಾತ್ರ ಅನ್ನಬ್ಯಾಡ್ರಿ.”