ಮೊದಲ ಹಿಟ್ಟು

ದೇರ್ ಸುಮಾಕ್ ಹಳ್ಳಿಯಲ್ಲಿ ವಸ್ಫೀಯಾಳ ಬಾಯಿಗೆ ಹೆದರದವರು ಇಬ್ಬರೇ ಇದ್ದರು. ಒಬ್ಬ ಅವಳ ತಮ್ಮ, ಗಿರಣಿಯ ಹಾಜಿ ಮಿಸ್ಬಾ. ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ಬದುಕಿ ಅವನ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಅಕ್ಕನ ಬೈಗುಳದಲ್ಲಿ ಅರ್ಧ ಮಾತ್ರ ಅವನಿಗೆ ತಲುಪುತ್ತಿತ್ತು. ಇನ್ನೊಬ್ಬಳು ಸೊಸೆ ರುದೈನಾ. ಅತ್ತೆ ಎಷ್ಟು ಜೋರಾಗಿ ಬೈಯುತ್ತಾಳೋ ಅಷ್ಟು ದೊಡ್ಡ ತುಂಡು ರೊಟ್ಟಿ ತನ್ನ ತಟ್ಟೆಗೆ ಬೀಳುತ್ತದೆ ಎಂಬುದು ಅವಳಿಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಉಳಿದವರೆಲ್ಲ, ಊರಿನ ಮುಖ್ಯಸ್ಥನಿಂದ ಹಿಡಿದು ನಾಬ್ಲಸ್ ನಗರಕ್ಕೆ ಹೋಗುವ ಬಸ್ಸಿನ ಡ್ರೈವರ್‌ವರೆಗೆ, ಅವಳು ಬರುವುದು ಕಂಡರೆ ದಾರಿ ಬಿಡುತ್ತಿದ್ದರು.

ಈ ಸಿಟ್ಟು ಅವಳಿಗೆ ಸುಮ್ಮನೆ ಬಂದದ್ದಲ್ಲ. ಗಂಡ ಕಲ್ಲುಗಣಿಯಲ್ಲಿ ಸತ್ತಾಗ ಮಗ ಘಾಝಿ ತೊಟ್ಟಿಲಲ್ಲಿದ್ದ. ಗಂಡನಿಲ್ಲದ ಹೆಂಗಸು ಮೆತ್ತಗಿದ್ದರೆ ಪಕ್ಕದ ಹೊಲದವರು ಬದುವನ್ನು ಪ್ರತಿ ಮಳೆಗಾಲಕ್ಕೂ ಒಂದೊಂದು ಗೇಣು ಒತ್ತುತ್ತಾರೆ ಎಂಬುದನ್ನು ಅವಳು ಬೇಗ ಕಂಡುಕೊಂಡಳು. ಅಂದಿನಿಂದ ಮೆತ್ತಗಿರುವುದನ್ನೇ ಬಿಟ್ಟಳು. ಆಲಿವ್ ಕಿತ್ತಳು, ಗೋಧಿ ಕೊಯ್ದಳು, ಮಗನನ್ನು ಗಾರೆ ಕೆಲಸಕ್ಕೆ ಹಚ್ಚಿದಳು, ಅವನಿಗೆ ಮದುವೆ ಮಾಡಿದಳು.

ಆ ಮದುವೆಯ ಆಸುಪಾಸಿನಲ್ಲೇ ಊರಿಗೆ ಊರೇ ಹೊಟ್ಟೆ ಹಿಡಿದುಕೊಳ್ಳತೊಡಗಿತು. ನುಲಿತ ಬಂದರೆ ಗಟ್ಟಿಮುಟ್ಟಾದ ಗಂಡಸರು ಅಂಗಳದಲ್ಲಿ ಹೊರಳಾಡುತ್ತಿದ್ದರು. ಘಾಝಿಯನ್ನು ಒಂದು ದಿನ ಜೀಪಿನಲ್ಲಿ ಹಾಕಿಕೊಂಡು ನಗರದ ಆಸ್ಪತ್ರೆಗೆ ಒಯ್ದರು. ಅಲ್ಲಿನ ಶಸ್ತ್ರಚಿಕಿತ್ಸೆಯ ಡಾಕ್ಟರು ಅಪೆಂಡಿಕ್ಸ್ ಎಂದು ಹೊಟ್ಟೆ ಕೊಯ್ದು ನೋಡಿದ. ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತು. ಇದ್ದರೂ ತೆಗೆದು ಹೊಲಿದ.

"ಚೆನ್ನಾಗಿದ್ದದ್ದನ್ನ ಯಾಕಪ್ಪಾ ಕಿತ್ತೆ?" ಎಂದು ವಸ್ಫೀಯಾ ಕೇಳಿದಳು.

"ಮುಂದೆ ಕೆಡಬಹುದಿತ್ತಮ್ಮ."

"ಹಾಗಾದ್ರೆ ನಿನ್ನ ನಾಲಿಗೆನೂ ಈಗ್ಲೇ ಕೀಳಿಸ್ಕೊಂಡುಬಿಡು. ಅದಂತೂ ಈಗ್ಲೇ ಕೆಟ್ಟಿದೆ."

ಘಾಝಿಯ ಹೊಲಿಗೆ ಒಣಗುವ ಮೊದಲೇ ನುಲಿತ ಮತ್ತೆ ಬಂತು. ಅಷ್ಟರಲ್ಲಿ ರುದೈನಾಳ ಮೊದಲ ಬಸಿರು ಇಳಿದುಹೋಯಿತು. ಬಂದಾಗ ಕೆಂಪಗೆ ತುಂಬಿಕೊಂಡಿದ್ದ ಹುಡುಗಿ ಹಿಂಡಿದ ಬಟ್ಟೆಯ ಹಾಗೆ ಬಿಳಿಚಿಕೊಂಡಳು. ಮೆಟ್ಟಿಲು ಹತ್ತಿದರೆ ಏದುಸಿರು. ಊರಿನ ಹೆಂಗಸರು ಕೆಟ್ಟ ಕಣ್ಣು ಎಂದರು. ಕೆಲವರು ಸೋಮಾರಿತನ ಎಂದರು, ವಸ್ಫೀಯಾಳಿಗೆ ಕೇಳಿಸದಷ್ಟು ದೂರದಲ್ಲಿ ನಿಂತು. ಊರಿನ ದವಾಖಾನೆಗೆ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದ.

"ಊಟದ ಜೊತೆ ಚಹಾ ಕುಡೀಬೇಡಿ ಅಂದ್ರೆ ನೀವು ಕೇಳಲ್ಲ," ಎಂದ. "ರೊಟ್ಟಿ, ಬೇಳೆ ಚೆನ್ನಾಗಿ ತಿನ್ಸಿ. ಹಳ್ಳಿ ಹುಡುಗಿ, ಸರಿ ಹೋಗ್ತಾಳೆ."

ಚಹಾ ನಿಂತಿತು. ಮಾತ್ರೆ ನುಂಗಿದ್ದಾಯಿತು. ಮುಖಕ್ಕೆ ರಕ್ತ ಬರಲಿಲ್ಲ. ರೊಟ್ಟಿ ತಿನ್ನಿಸು ಎಂದದ್ದನ್ನು ಮಾತ್ರ ವಸ್ಫೀಯಾ ಕಣ್ಣಿಗೊತ್ತಿಕೊಂಡು ಪಾಲಿಸಿದಳು. ಅವಳ ತಾಬೂನ್ ಒಲೆಯ ರೊಟ್ಟಿಗೆ ಊರಲ್ಲಿ ಹೆಸರಿತ್ತು. ಸ್ವಂತ ಹೊಲದ ಗೋಧಿ, ಸ್ವಂತ ಅಪ್ಪನ ಗಿರಣಿ. ಬಿಸಿ ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ, "ತಿನ್ನೇ, ಗುಬ್ಬಿ ಕೂಡ ನಿನಗಿಂತ ಜಾಸ್ತಿ ತಿನ್ನುತ್ತೆ" ಎಂದು ಸೊಸೆಯ ಬಾಯಿಗೆ ತುರುಕುತ್ತಿದ್ದಳು. ರುದೈನಾ ಮತ್ತೆ ಬಸಿರಾದಳು. ಈ ಸಲ ಮಗು ಉಳಿಯಲೇಬೇಕು ಎಂದು ವಸ್ಫೀಯಾ ಹಟ ಹಿಡಿದಳು.

ಗಿರಣಿಯ ಮಾತು ಇಲ್ಲಿ ಹೇಳಬೇಕು. ಅಪ್ಪನ ಕಾಲದಲ್ಲಿ ಕಲ್ಲನ್ನು ಒಂಟೆ ತಿರುಗಿಸುತ್ತಿತ್ತು. ಮಿಸ್ಬಾ ಎಂಜಿನ್ ತಂದ. ಎಂಜಿನ್ನಿನ ರಭಸಕ್ಕೆ ಕಾಳು ಸುರಿಯುವ ಕಲ್ಲಿನ ನಡುತೂತಿನಲ್ಲಿ ಕಬ್ಬಿಣದ ಅಚ್ಚನ್ನು ಹಿಡಿದಿಟ್ಟಿದ್ದ ಮರದ ಬೆಣೆಗಳು ನಿಲ್ಲಲಿಲ್ಲ. ಅವನು ಹಳೆಯ ಬ್ಯಾಟರಿಗಳ ಸೀಸ ಕರಗಿಸಿ ಆ ಸಂದಿಗೆ ಎರೆದ. ಕಲ್ಲು ಅಲುಗಾಡದೆ ನಿಂತಿತು. ಅಂದಿನಿಂದ ಪ್ರತಿ ಬೇಸಿಗೆ ಹೊಸ ಗೋಧಿ ಬರುವ ಮೊದಲು ಕಲ್ಲನ್ನು ಎತ್ತಿ, ಉಳಿಯಿಂದ ಹಲ್ಲು ಕೊಚ್ಚಿ, ಸವೆದ ಕಡೆ ಹೊಸ ಸೀಸ ಎರೆಯುವುದು ಊರಿಗೊಂದು ಹಬ್ಬವಾಯಿತು. ಗಂಡಸರು ಸುತ್ತ ನಿಂತು ಹೊಗೆಯಲ್ಲಿ ಕೆಮ್ಮುತ್ತ ಸಲಹೆ ಕೊಡುತ್ತಿದ್ದರು. ಹಾಗೆ ಕೂರಿಸಿದ ಕಲ್ಲಿನಿಂದ ಬೀಳುವ ಮೊದಲ ಹಿಟ್ಟು ಬಸುರಿ ಇರುವ ಮನೆಗೆ ಸೇರಬೇಕು. ಅದರಲ್ಲಿ ದೇವರ ಕೃಪೆಯ ಬರಕತ್ ಇದೆ, ಮಗು ಗಟ್ಟಿಯಾಗುತ್ತದೆ ಎಂದು ಊರಿನ ನಂಬಿಕೆ.

ಆ ಬೇಸಿಗೆ ಬಸುರಿಯರು ಇಬ್ಬರಿದ್ದರು. ಸಬ್ರಿ ಎಂಬವನ ತಾಯಿ ತನ್ನ ಸೊಸೆಯ ಹೆಸರು ಹೇಳಿಕೊಂಡು ಬೆಳಗಾಗುವ ಮೊದಲೇ ಬಂದು ಗಿರಣಿಯ ಬಾಗಿಲಲ್ಲಿ ಕೂತಿದ್ದಳು.

"ಏಳೇ ಅಲ್ಲಿಂದ," ಎಂದಳು ವಸ್ಫೀಯಾ.

"ನಾನು ಮೊದ್ಲು ಬಂದಿದ್ದು, ಘಾಝಿಯಮ್ಮ."

"ನೀನು ಮೊದ್ಲು ಬಂದಿರಬಹುದು. ಈ ಕಲ್ಲು ನನ್ನಪ್ಪಂದು. ನಿನ್ನ ಸೊಸೆ ಕೆನ್ನೆ ದಾಳಿಂಬೆ ಥರ ಇದೆ, ಅವಳಿಗೆ ಬರಕತ್ ಯಾಕೆ? ನನ್ನ ಸೊಸೆ ಹೋಗ್ಬಿಡ್ತಾಳೆ ಕಣೇ. ಏಳು ಅಂದೆ!"

ಮಿಸ್ಬಾ ಕಾಫಿಯ ಪುಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದ. ಒಂದು ವರ್ಷದಿಂದ ಅವನು ಹಾಗೆಯೇ ಹಿಡಿಯುತ್ತಿದ್ದ. ಹೊಸ ಮದುವಣಗಿತ್ತಿಯ ನಾಚಿಕೆ ಬಂದಿದೆ ಹಾಜಿಗೆ ಎಂದು ಊರು ನಗುತ್ತಿತ್ತು. ಗಿರಣಿಯ ಕೈ, ದುಡಿದು ಸೋತಿದೆ ಎಂದು ಅವನು ಹೇಳುತ್ತಿದ್ದ. ಈಗ ಅವನು, ಹಿಟ್ಟನ್ನು ಅಕ್ಕನಿಗೆ ಕೊಟ್ಟುಬಿಡಿ, ನನ್ನ ಉಳಿದ ಅರ್ಧ ಕಿವಿಯಾದರೂ ಉಳಿಯಲಿ ಎಂದ. ವಸ್ಫೀಯಾ ಹಿಟ್ಟಿನ ಚೀಲವನ್ನು ತಲೆಯ ಮೇಲೆ ಹೊತ್ತು ಗೆದ್ದವಳ ಹಾಗೆ ನಡೆದಳು.

ಆ ಹಿಟ್ಟಿನಲ್ಲಿ ಒಂದು ಚಿಟಿಕೆಯನ್ನೂ ಅವಳು ಬೇರೆಯವರಿಗೆ ಕೊಡಲಿಲ್ಲ. ಎಲ್ಲ ಸೊಸೆಗೇ. ಕೆಲವೇ ದಿನಗಳಲ್ಲಿ ರುದೈನಾ ತಿಂದದ್ದನ್ನೆಲ್ಲ ಕಾರತೊಡಗಿದಳು. ನುಲಿತಕ್ಕೆ ಹಲ್ಲು ಕಚ್ಚಿ, ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ನಿಲ್ಲುತ್ತಿದ್ದಳು. ವಸ್ಫೀಯಾ ದವಾಖಾನೆಯ ಡಾಕ್ಟರನ್ನು ಕಾಯಲಿಲ್ಲ. ದಾರಿಯ ತಪಾಸಣೆ ಠಾಣೆಯಲ್ಲಿ ತಡೆದ ಸೈನಿಕರಿಗೂ ಬೈದು, ಸೊಸೆಯನ್ನು ನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಲಮೀಸ್ ಎಂಬ ಹೊಸ ಡಾಕ್ಟರು ಇದ್ದಳು. ಅವಳು ಹೊಟ್ಟೆ ಒತ್ತುವ ಮೊದಲು ಬಾಯಿ ತೆರೆಸಿದಳು. ರುದೈನಾಳ ವಸಡಿನ ಅಂಚಿಗೆ, ಹಲ್ಲಿನ ಬುಡದಲ್ಲಿ, ನೀಲಿ ಮಿಶ್ರಿತ ಕಪ್ಪು ಗೆರೆ ಇತ್ತು.

"ನೀವೂ ಬಾಯಿ ತೆಗೀರಿ," ಎಂದಳು ವಸ್ಫೀಯಾಳಿಗೆ.

"ನಂಗೇನೂ ಆಗಿಲ್ಲ."

"ತೆಗೀರಿ ಅಂದೆನಲ್ಲ."

ಅವಳಿಗೂ ಅದೇ ಗೆರೆ, ಸ್ವಲ್ಪ ತೆಳ್ಳಗೆ. ಡಾಕ್ಟರು ಇಬ್ಬರ ರಕ್ತ ತೆಗೆದಳು. ಮನೆಯ ಸುರ್ಮಾ, ಅಡುಗೆಯ ಪಾತ್ರೆ, ಬಾವಿಯ ನೀರು, ಎಣ್ಣೆ, ಮಸಾಲೆ, ಬಾಗಿಲಿನ ಬಣ್ಣದ ಚೂರು, ಎಲ್ಲ ತನ್ನಿ ಎಂದಳು. ಮರುದಿನವೇ ವಸ್ಫೀಯಾ ಬುಟ್ಟಿ ತುಂಬ ಹೊತ್ತು ತಂದು ಮೇಜಿನ ಮೇಲೆ ಸುರಿದಳು. ಹಿಟ್ಟು ಮಾತ್ರ ತಂದಿರಲಿಲ್ಲ. ಡಾಕ್ಟರು ಕೇಳಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಎತ್ತಿ ಮುತ್ತಿಟ್ಟು ಹಣೆಗೊತ್ತಿಕೊಳ್ಳುವ ಜನ. ರೊಟ್ಟಿಯ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

"ನನ್ನ ಅಡುಗೆಮನೆ ಹೊಲಸು ಅಂತ ತಾನೇ ನಿನ್ನ ಲೆಕ್ಕ? ನೋಡ್ಕೋ," ಎಂದಳು. ಹಾಗೆನ್ನುತ್ತಲೇ ಡಾಕ್ಟರ ಕಡ್ಡಿಯಂಥ ಕೈ ಕಂಡು, ತನ್ನ ದಾರಿಯ ಬುತ್ತಿಯಿಂದ ರೊಟ್ಟಿ ತೆಗೆದಳು. "ತಗೋ, ತಿನ್ನು. ನಿಮ್ಮಮ್ಮ ಊಟ ಹಾಕಲ್ವಾ ನಿಂಗೆ?"

ಲಮೀಸ್ ನಕ್ಕು ತೆಗೆದುಕೊಂಡಳು. ಬಾಯಿಯವರೆಗೆ ಒಯ್ದವಳು ನಿಂತಳು. ಅದನ್ನು ಸುತ್ತಿ, ಉಳಿದವುಗಳ ಜೊತೆ ಇಟ್ಟಳು.

ಪರೀಕ್ಷೆಯ ಫಲಿತಾಂಶ ಬಂದಾಗ ಸುರ್ಮಾ, ನೀರು, ಎಣ್ಣೆ, ಬಣ್ಣ, ಯಾವುದರಲ್ಲೂ ದೋಷವಿರಲಿಲ್ಲ. ವಿಷ ಇದ್ದದ್ದು ರೊಟ್ಟಿಯಲ್ಲಿ.

"ಸೀಸ," ಎಂದಳು ಡಾಕ್ಟರು. "ಗೋಧಿ ಎಲ್ಲಿ ಬೀಸಿಸ್ತೀರಿ?"

ವಸ್ಫೀಯಾ ಕುರ್ಚಿ ಎಳೆದುಕೊಂಡು ಕೂತಳು.

ಡಾಕ್ಟರು ನಿಧಾನವಾಗಿ ಹೇಳಿದಳು. "ದೇಹಕ್ಕೆ ಸೀಸ ಯಾವುದು, ಸುಣ್ಣ ಯಾವುದು ಗೊತ್ತಾಗಲ್ಲಮ್ಮ. ಸುಣ್ಣ ಅಂದ್ಕೊಂಡು ಎಲುಬಲ್ಲಿ ಕೂಡಿಡುತ್ತೆ. ಮೈಯಲ್ಲಿ ಕಬ್ಬಿಣ ಕಡಿಮೆ ಇದ್ರೆ ಕರುಳು ಸೀಸಾನ ಇನ್ನೂ ಜಾಸ್ತಿ ಹೀರ್ಕೊಳ್ಳುತ್ತೆ. ಒಳಗೆ ಹೋದ್ಮೇಲೆ ಅದು ಕಬ್ಬಿಣದಿಂದ ರಕ್ತ ಆಗೋಕೇ ಬಿಡಲ್ಲ. ಅದಕ್ಕೇ ಆ ಮಾತ್ರೆ ಕೆಲಸ ಮಾಡ್ಲಿಲ್ಲ. ಜಾಸ್ತಿ ದಿನ ಆದ್ರೆ ಕೈಯ ನರಾನೂ ಸೋಲಿಸುತ್ತೆ."

"ಮಗು?"

"ಮಗು ತನ್ನ ಎಲುಬಿಗೆ ಬೇಕಾದ ಸುಣ್ಣಾನ ತಾಯಿ ಎಲುಬಿಂದ ಎಳ್ಕೊಳ್ಳುತ್ತೆ. ಜೊತೇಲಿ ಸೀಸನೂ ಹೋಗುತ್ತೆ. ಇವಳು ಇಲ್ಲೇ ಇರ್ಲಿ. ಹಾಲು, ಮೊಸರು, ಗಟ್ಟಿಮೊಸರಿನ ಲಬನೆ ಕೊಡೋಣ, ಎಲುಬನ್ನ ಕೀಳೋದಾದ್ರೂ ಕಡಿಮೆ ಆಗ್ಲಿ. ಆ ಹಿಟ್ಟು ಮಾತ್ರ ಇವತ್ತಿಂದ ಊರಲ್ಲಿ ಯಾರೂ ತಿನ್ನಬಾರ್ದು."

"ಕಲ್ಲು ಕೂರಿಸಿದ್ಮೇಲೆ ಬೀಳೋ ಮೊದಲ ಹಿಟ್ಟು... ಅದರಲ್ಲಿ?"

"ಹೊಸದಾಗಿ ಎರೆದ ಸೀಸದ ಪುಡಿಯೆಲ್ಲ ಮೊದ್ಲು ಅದಕ್ಕೇ ಬೀಳುತ್ತಲ್ವಾ? ಎಲ್ಲಕ್ಕಿಂತ ಜಾಸ್ತಿ ಅದರಲ್ಲೇ."

ಬಸ್ಸಿನಲ್ಲಿ ಅವಳು ಯಾರಿಗೂ ಬೈಯಲಿಲ್ಲ. ಡ್ರೈವರ್‌ಗೆ ಭಯವಾಯಿತು.

ಅವಳು ಇಳಿದು ನೇರ ಗಿರಣಿಗೆ ಹೋದಳು. ಗಂಡಸರು, ಹೆಂಗಸರು ಚೀಲ ಇಟ್ಟುಕೊಂಡು ಸರದಿ ಕಾಯುತ್ತಿದ್ದರು, ಸಬ್ರಿಯ ತಾಯಿಯೂ ಇದ್ದಳು. ವಸ್ಫೀಯಾ ಎಂಜಿನ್ನಿನ ಎಣ್ಣೆಯ ನಲ್ಲಿ ತಿರುಗಿಸಿಬಿಟ್ಟಳು. ಕಲ್ಲು ಗರಗರ ಎಂದು ನಿಂತಿತು.

"ಕಲ್ಲು ಎತ್ತಿಸು."

"ಬಿಸಿಲು ಹತ್ತಿದೆ ಅಕ್ಕನಿಗೆ," ಎಂದು ಮಿಸ್ಬಾ ಜನರ ಕಡೆ ನಕ್ಕ. "ನೀರು ಕೊಡಿ ಯಾರಾದ್ರೂ."

"ಹೋದ ಬೇಸಿಗೆ ನೀನು ಸೀಸ ಎರೆದೆ. ಈ ಬೇಸಿಗೆ ಎತ್ತಿ ನೋಡ್ದಾಗ ಸಂದಿ ಖಾಲಿ ಇತ್ತು. ಮತ್ತೆ ಎರೆದೆ. ಪ್ರತಿ ವರ್ಷ ಖಾಲಿ, ಪ್ರತಿ ವರ್ಷ ಎರೀತೀಯ. ಹೇಳು, ಅದೆಲ್ಲ ಎಲ್ಲಿ ಹೋಯ್ತು?"

ನಗು ನಿಂತಿತು.

"ಸವೆಯುತ್ತೆ. ಇನ್ನೆಲ್ಲಿ ಹೋಗುತ್ತೆ?"

"ಸವೆದು ಎಲ್ಲಿಗೆ ಹೋಯ್ತೋ ಗಾಂಪ? ಗಾಳಿಗೆ ಹಾರಿತಾ? ನನ್ನ ಸೊಸೆ ಎಲುಬಿಗೆ ಹೋಯ್ತು! ಹುಟ್ಟದೇ ಇರೋ ಮಗೂಗೆ ಹೋಯ್ತು! ಇಲ್ಲಿ ಕೂತಿರೋ ಒಬ್ಬೊಬ್ಬರ ಹೊಟ್ಟೆಗೂ ಹೋಯ್ತು! ಊರಿಗೆಲ್ಲ ವಿಷ ಬೀಸಿ ಕೊಟ್ಟಿದ್ದೀಯ ನೀನು, ಅದೂ ನನ್ನಪ್ಪನ ಕಲ್ಲಲ್ಲಿ!"

ಮಿಸ್ಬಾನ ಮುಖ ಕೆಂಪಾಯಿತು. ಊರಿನ ಮುಂದೆ ಅಷ್ಟು ದೊಡ್ಡ ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ಅಕ್ಕ ಎಂಬುದನ್ನೂ ಮರೆತು ಹೊಡೆಯಲು ಕೈ ಎತ್ತಿದ. ತೋಳು ಮೇಲೆ ಹೋಯಿತು. ಅಂಗೈ ಹೋಗಲಿಲ್ಲ. ಮಣಿಕಟ್ಟಿನಿಂದ ಕೆಳಗೆ ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಅವನು ಇನ್ನೊಮ್ಮೆ ಯತ್ನಿಸಿದ. ಆಗಲಿಲ್ಲ. ಎಲ್ಲರೂ ನೋಡಿದರು.

ಮೊದಲು ಎದ್ದವಳು ಸಬ್ರಿಯ ತಾಯಿ. ಮೂಲೆಯಲ್ಲಿದ್ದ ಹಾರೆಯನ್ನು ತೆಗೆದುಕೊಂಡು ಗಂಡಸರಿಗೆ ಚಾಚಿ, "ಏನು ನೋಡ್ತೀರಿ? ಎತ್ತಿ," ಎಂದಳು. ಎತ್ತಿದರು. ಈ ಬೇಸಿಗೆ ತುಂಬಿಸಿದ್ದ ಸೀಸದ ಅಂಚುಗಳನ್ನು ಯಾರೋ ಕಚ್ಚಿ ತಿಂದಂತಿತ್ತು. ತಿಂದವರು ಸುತ್ತ ನಿಂತಿದ್ದರು. ಒಬ್ಬೊಬ್ಬರಾಗಿ ತಮ್ಮ ಚೀಲಗಳ ಕಡೆ ತಿರುಗಿ ನೋಡಿದರು.

ಊರಿನ ಹಿಟ್ಟನ್ನೆಲ್ಲ ಗುಂಡಿ ತೋಡಿ ಹೂತರು. ವಸ್ಫೀಯಾಳ ಕೈಯಿಂದ ಒಂದು ರೊಟ್ಟಿ ನೆಲಕ್ಕೆ ಬಿತ್ತು. ಎತ್ತಿ, ಅಭ್ಯಾಸಬಲದಿಂದ ತುಟಿಯ ಹತ್ತಿರ ತಂದವಳು, ಉಗಿದು ಗುಂಡಿಗೆ ಎಸೆದಳು. ಅಧಿಕಾರಿಗಳು ಬಂದರು, ಇದು ಯಾರ ತಪ್ಪೂ ಅಲ್ಲ ಎಂದರು. ಯಾರ ತಪ್ಪೂ ಅಲ್ಲದಿದ್ದರೆ ಇಷ್ಟು ವರ್ಷ ಮಾತ್ರೆ ಬರೆದು ಮನೆಗೆ ಕಳಿಸಿದ್ದು, ಚೆನ್ನಾಗಿದ್ದ ಹೊಟ್ಟೆ ಕೊಯ್ದದ್ದು ಯಾರು ಎಂದು ಅವಳು ಕೇಳಿದಳು. ಅವರ ಜೀಪು ಹೊರಟುಹೋಯಿತು.

ಮಗು ಚಳಿಗಾಲದಲ್ಲಿ ಹುಟ್ಟಿತು. ಹೆಣ್ಣು, ಬಲು ಸಣ್ಣದು, ಆದರೆ ಬದುಕಿತ್ತು. ವಸ್ಫೀಯಾ ಮೊದಲು ಅದರ ಮಣಿಕಟ್ಟುಗಳನ್ನು ಎತ್ತಿ ನೋಡಿದಳು.

"ಇವಳ ಮೈಯಲ್ಲೂ ಇದೆಯಾ?"

"ಇದೆ," ಎಂದಳು ಲಮೀಸ್. "ಇಲ್ಲ ಅಂತ ಸುಳ್ಳು ಹೇಳಲ್ಲ. ಮಾತು, ನಡಿಗೆ, ಓದು ಹೇಗೆ ಬರುತ್ತೋ ಕಾದು ನೋಡಬೇಕು."

ತಮ್ಮನ ಮನೆಯ ಹೊಸ್ತಿಲನ್ನು ಆ ಚಳಿಗಾಲ ಪೂರ್ತಿ ತುಳಿಯದಿದ್ದ ವಸ್ಫೀಯಾ, ಬಿಸಿಲು ಬಂದ ಒಂದು ದಿನ ಮಗುವನ್ನು ಎತ್ತಿಕೊಂಡು ಹೋದಳು. ಮಿಸ್ಬಾ ಅಂಗಳದಲ್ಲಿ ಕೂತಿದ್ದ. ಹೆಂಡತಿ ಇಟ್ಟುಹೋದ ಮೊಸರಿನ ಬಟ್ಟಲು ಹಾಗೆಯೇ ಇತ್ತು. ಅವನಿಂದ ಚಮಚ ಹಿಡಿಯಲು ಆಗುತ್ತಿರಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಅಕ್ಕಾ," ಎಂದ.

"ಗೊತ್ತಿರ್ಲಿಲ್ಲ ಅಂತ ನಂಗೂ ಗೊತ್ತು. ಎಲ್ಲಿ ಹೋಯ್ತು ಅಂತ ಒಂದೇ ಒಂದು ಸಲ ಕೇಳ್ಕೊಂಡಿದ್ರೆ ಸಾಕಿತ್ತು. ನೀನು ಕೇಳ್ಕೊಳ್ಳಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ. ಜಗಳ ಆಡಿ ಹೊತ್ಕೊಂಡು ಹೋಗಿ ತಿನ್ನಿಸ್ದೆ." ಅವಳು ಮಗುವನ್ನು ಅವನ ತೊಡೆಯ ಮೇಲೆ ಇಟ್ಟಳು. "ಎತ್ಕೋ. ಎತ್ಕೋ ನೋಡೋಣ."

ಅವನು ಯತ್ನಿಸಿದ. ಕೈಗಳು ಮಗುವಿನ ಎರಡೂ ಬದಿಗೆ ಸುಮ್ಮನೆ ಬಿದ್ದವು. ಮಿಸ್ಬಾ ಅತ್ತ. ವಸ್ಫೀಯಾ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ಬಟ್ಟಲು ಹತ್ತಿರ ಎಳೆದುಕೊಂಡಳು.

"ಬಾಯಿ ತೆಗಿ, ಮೂರ್ಖ. ಸೀಸ ತಿಂದದ್ದು ಸಾಕು. ತೆಗಿ ಅಂದೆ."

ಅವನು ನುಂಗಿ ಮುಗಿಸುವವರೆಗೂ ಅವಳ ಬೈಗುಳ ನಿಲ್ಲಲಿಲ್ಲ. ಮಗುವನ್ನು ಹಿಡಿದುಕೊಳ್ಳಲು ಅವನಿಂದ ಆಗದ್ದರಿಂದ, ಒಂದು ಕೈಯಲ್ಲಿ ಚಮಚವನ್ನೂ ಇನ್ನೊಂದರಲ್ಲಿ ಮಗುವನ್ನೂ ಅವಳೇ ಹಿಡಿದುಕೊಂಡಿದ್ದಳು.