ನೆಲದಜ್ಜನೂ ಏಳನೆಯ ಬಾವಿಯೂ

ವೆಂಗ್ ಯೂವೆನ್ ಒಂದು ಕಾದಂಬರಿಯನ್ನು ಐವತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು. ಇದು ಬಾಯಿಮಾತಲ್ಲ, ನನ್ನ ಅಂಗಡಿಯ ಗೋಡೆ ಗಡಿಯಾರವೇ ಸಾಕ್ಷಿ. ತೈನಾನ್ ಪಟ್ಟಣದ ಹಳೇ ಕಾಲುವೆಯ ಹಿಂದಿನ ಓಣಿಯಲ್ಲಿ ನಾನಾಗ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದೆ. ಮೂರು ಗೋಡೆಯ ತುಂಬ ಕಾದಂಬರಿ, ನಾಲ್ಕನೆಯ ಗೋಡೆಗೆ ಫ್ಯಾನು, ನಡುವೆ ಒಂಬತ್ತು ಸ್ಟೂಲು. ಬಾಗಿಲ ಬಳಿಯ ಸ್ಟೂಲು ಯೂವೆನಳದು. ಬೇರೆ ಯಾರಾದರೂ ಅದರ ಮೇಲೆ ಕೂತರೆ ಅವಳು ಜಗಳ ಆಡುತ್ತಿರಲಿಲ್ಲ. ಎದುರಿಗೆ ನಿಂತು, ಅವರ ಕೈಯಲ್ಲಿದ್ದ ಪುಟವನ್ನು ತಲೆಕೆಳಗಾಗಿಯೇ ಅವರಿಗಿಂತ ಬೇಗ ಓದಿ ಮುಗಿಸಿ, ಇನ್ನು ತಿರುಗಿಸಬಹುದು ಎನ್ನುತ್ತಿದ್ದಳು. ಎರಡು ಪುಟದಲ್ಲಿ ಸ್ಟೂಲು ಖಾಲಿಯಾಗುತ್ತಿತ್ತು.

ಈಗ ಅದೇ ಯೂವೆನ್ ಓಣಿಯ ಬಾಯಲ್ಲಿ ಹೂಮೀನಿನ ಗಂಜಿ ಮಾರುತ್ತಾಳೆ. ಬೆಳಗಿನ ಆರಕ್ಕೇ ಸಾಲು ನಿಲ್ಲುವ ಗಿರಾಕಿಗಳು ಅವಳನ್ನು ಕೈಚುರುಕಿನ ಹೆಂಗಸು ಎಂದಷ್ಟೇ ಬಲ್ಲರು. ಹದಿನಾಲ್ಕನೆಯ ವಯಸ್ಸಿನಲ್ಲಿ ಇವಳು ದೇವರ ಸಂಗಡ ಚೌಕಾಸಿ ಮಾಡಿ ಗೆದ್ದವಳು, ಗೆದ್ದ ಗಳಿಗೆಯಲ್ಲೇ ಅಜ್ಜಿಯ ಕೈಲಿ ಸೋತವಳು ಎಂಬುದು ಅವರಿಗೆ ತಿಳಿಯದು. ಹೇಳುವುದು ನನ್ನ ಧರ್ಮ.

ಆ ಕಾಲಕ್ಕೆ ಯೂವೆನಳ ಪ್ರಾಣವೆಲ್ಲ 'ಏಳು ಬಾವಿಗಳ ನಾಡು' ಎಂಬ ಕಾದಂಬರಿಮಾಲೆಯಲ್ಲಿತ್ತು. ಒಟ್ಟು ಇಪ್ಪತ್ತನಾಲ್ಕು ಪುಸ್ತಕ, ತಿಂಗಳಿಗೊಂದು ಬರುತ್ತಿತ್ತು. ಉಪ್ಪಿನ ಗದ್ದೆಯಲ್ಲಿ ದುಡಿಯುವವನ ಮಗ ಯೆನ್ ಎಂಬುವನು ಪಾಳುಬಾವಿಗೆ ಇಳಿದು, ನೆಲದಡಿಯ ಗುಟ್ಟಿನ ರಾಜ್ಯವೊಂದನ್ನು ಹೊಗುತ್ತಾನೆ. ಅಲ್ಲಿ ಏಳು ಬಾವಿ, ಪ್ರತಿ ಬಾವಿಗೊಬ್ಬ ಕಾವಲುಗಾರ. ಅವರು ಹೌದು, ಇಲ್ಲ ಎಂಬ ಎರಡೇ ಮಾತು ಆಡುವವರು. ಕೇಳಬಾರದ ರೀತಿಯಲ್ಲಿ ಕೇಳಿದವನು ನಿಂತಲ್ಲೇ ಉಪ್ಪಿನ ಗೊಂಬೆಯಾಗುತ್ತಾನೆ. ಇಪ್ಪತ್ತಮೂರನೆಯ ಪುಸ್ತಕ ಮುಗಿದಾಗ ಯೆನ್ ಏಳನೆಯ ಬಾವಿಯ ಕಟ್ಟೆಯ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ಅವನು ಮನೆಗೆ ಮರಳುತ್ತಾನೋ ಇಲ್ಲವೋ? ಯೂವೆನಳಿಗೆ ಜಗತ್ತಿನಲ್ಲಿ ಬೇಕಾಗಿದ್ದುದು ಈ ಒಂದು ಉತ್ತರ.

ಅವಳನ್ನು ದಡ್ಡಿ ಎಂದುಕೊಳ್ಳಬೇಡಿ. ಓಣಿಯಲ್ಲಿದ್ದ ಮೂರೂ ಬಾವಿಗಳ ಮುಚ್ಚಳ ಎತ್ತಿ ಖುದ್ದಾಗಿ ಪರೀಕ್ಷಿಸಿದ್ದಳು. ಮೂರರಲ್ಲೂ ನೀರೇ ಇತ್ತು. ಇದರಿಂದ ಅವಳ ನಂಬಿಕೆಗೆ ಕೂದಲಷ್ಟೂ ಧಕ್ಕೆಯಾಗಲಿಲ್ಲ. ಓಣಿಯೇ ಸರಿಯಿಲ್ಲವೆಂದು ತೀರ್ಪು ಕೊಟ್ಟಳು.

ಕೊನೆಯ ಪುಸ್ತಕ ಇನ್ನೊಂದು ವಾರದಲ್ಲಿ ಬರಬೇಕು, ಆಗ ಅಜ್ಜಿಯ ಅಪ್ಪಣೆ ಬಂತು. ಗಂಜಿ ಅಂಗಡಿ ನಡೆಸುತ್ತಿದ್ದ ವೆಂಗ್ ಅಜ್ಜಿ ಸಾಮಾನ್ಯಳಲ್ಲ. ಒಂದು ಹೂಮೀನಿನಲ್ಲಿ ಇನ್ನೂರಿಪ್ಪತ್ತೆರಡು ಮುಳ್ಳು. ಆಕೆ ಅಷ್ಟನ್ನೂ ಕಣ್ಣುಮುಚ್ಚಿ ಕೀಳುವವಳು. ಮಾತಿನಲ್ಲಿ ಅಡಗಿದ ಮುಳ್ಳೂ ಆಕೆಯ ಬೆರಳಿಗೆ ಸಿಗದೆ ಹೋಗುತ್ತಿರಲಿಲ್ಲ. ಮಗ ಸೊಸೆ ಕಾವ್‌ಶ್ಯೊಂಗ್ ಬಂದರಿನಲ್ಲಿ ದುಡಿಯುತ್ತಿದ್ದುದರಿಂದ ಮೊಮ್ಮಗಳ ಮೇಲೆ ಪೂರ್ಣಾಧಿಕಾರ ಆಕೆಯದೇ. ಬರುವ ವರ್ಷ ಮೇ ತಿಂಗಳ ಕೊನೆಗೆ ಹೈಸ್ಕೂಲು ಪ್ರವೇಶಪರೀಕ್ಷೆ ಇದೆಯೆಂದು ಮೇಷ್ಟರು ಹೇಳಿಕಳಿಸಿದ್ದೇ ತಡ, ಅಲ್ಲಿಯತನಕ ಕತೆಪುಸ್ತಕ ಮುಟ್ಟಕೂಡದು ಎಂದುಬಿಟ್ಟಳು. ಯೂವೆನ್ ಅತ್ತಳು, ಊಟ ಬಿಟ್ಟಳು. ಬಿಟ್ಟ ಊಟವನ್ನು ಅಜ್ಜಿ ನಿಶ್ಚಿಂತೆಯಿಂದ ಬೆಕ್ಕಿಗೆ ಹಾಕಿದ ಮೇಲೆ ವಾದಕ್ಕಿಳಿದಳು.

"ನಂಗೂ ನಿಂಗೂ ಯಾಕೆ ವಾದ," ಎಂದಳು ಅಜ್ಜಿ. "ನಡಿ, ನೆಲದಜ್ಜನ್ನೇ ಕೇಳೋಣ."

ನೆಲದಜ್ಜ ನಮ್ಮ ಓಣಿಯ ದೇವರು. ಆಲದ ಮರದ ಬುಡದಲ್ಲಿ ಬಟ್ಟೆಬೀರುವಿನಷ್ಟು ಗುಡಿ, ಒಳಗೆ ಬಿಳಿಗಡ್ಡದ ಮುದುಕ, ಸದಾ ನಗುಮುಖ. ಮೀನಿಗೆ ಈ ಬೆಲೆ ಸರಿಯೇ ಎಂಬುದರಿಂದ ಹಲ್ಲು ಕೀಳಿಸಲೋ ಬೇಡವೋ ಎಂಬುದರವರೆಗೆ ಅಜ್ಜಿ ಕೇಳುತ್ತಿದ್ದುದು ಅವನನ್ನೇ. ಕೇಳುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದು. ಕೆಂಪು ಮರದ ಎರಡು ಅರ್ಧಚಂದ್ರ, ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಎರಡನ್ನೂ ನೆಲಕ್ಕೆ ಬಿಟ್ಟಾಗ ಒಂದು ಚಪ್ಪಟೆ ಒಂದು ಉಬ್ಬು ಮೇಲಾದರೆ ಹೌದು. ಎರಡೂ ಉಬ್ಬಾದರೆ ಇಲ್ಲ. ಎರಡೂ ಚಪ್ಪಟೆಯಾದರೆ ದೇವರು ನಗುತ್ತಿದ್ದಾನೆ, ಕೇಳಿದ್ದು ಸರಿಯಿಲ್ಲ. ದೊಡ್ಡ ವಿಷಯಕ್ಕೆ ಸತತ ಮೂರು ಹೌದು ಬೀಳಬೇಕು.

ಹುಡುಗಿ ಪರೀಕ್ಷೆ ಮುಗಿಯುವ ತನಕ ಕತೆಪುಸ್ತಕ ಮುಟ್ಟಬಾರದು, ಹೌದು ತಾನೆ ಎಂದು ಅಜ್ಜಿ ಕೇಳಿದಳು. ಹೌದು. ಮತ್ತೆ ಹೌದು. ಮೂರನೆಯ ಸಲ ದೇವರು ನಕ್ಕುಬಿಟ್ಟ.

ಅಜ್ಜಿ ಮತ್ತೆ ಕೈಹಾಕುವ ಮೊದಲೇ ಯೂವೆನ್ ಅರ್ಧಚಂದ್ರಗಳನ್ನು ಎತ್ತಿಕೊಂಡಳು. ಹೌದು, ಇಲ್ಲ ಎಂದಷ್ಟೇ ಹೇಳುವವರನ್ನು ಹೇಗೆ ಕೇಳಬೇಕೆಂದು ಇಪ್ಪತ್ತಮೂರು ಪುಸ್ತಕ ಅಭ್ಯಾಸ ಮಾಡಿದ ಪಂಡಿತೆ ಅವಳು. ಕಾವಲುಗಾರನ ಹತ್ತಿರ ಬೇಡಬಾರದು, ಅವನಿಗೇನು ಕೊರತೆ ಎಂದು ನೋಡಬೇಕು, ಇದು ಆರೂ ಬಾವಿಗಳ ಪಾಠ. ನೆಲದಜ್ಜನಿಗೇನು ಕೊರತೆ? ಹಣ್ಣು ಹಂಪಲು ಬೇಕಾದಷ್ಟು. ಆದರೆ ಅವನ ಹುಟ್ಟುಹಬ್ಬಕ್ಕೆಂದು ಓಣಿಯವರು ಗೊಂಬೆಯಾಟ ಆಡಿಸುವುದು ವರ್ಷಕ್ಕೊಂದೇ ದಿನ. ಉಳಿದ ದಿನವೆಲ್ಲ ಪಾಪ, ಸ್ಕೂಟರುಗಳನ್ನು ನೋಡುತ್ತ ಕೂರಬೇಕು.

ಯೂವೆನ್ ಮಂಡಿಯೂರಿ ತನ್ನ ಹೆಸರು, ಹುಟ್ಟಿದ ದಿನ, ಮನೆ ನಂಬರು ಹೇಳಿದಳು. ದೇವರು ದಾರಿ ತಪ್ಪದಿರಲೆಂದು ಗಂಜಿ ಅಂಗಡಿಯ ಮೇಲಿನ ಮಹಡಿ ಎಂದೂ ಸೇರಿಸಿದಳು.

"ನೆಲದಜ್ಜಾ, ನಂಗೆ ಓದೋಕೆ ಅಪ್ಪಣೆ ಕೊಟ್ರೆ ಈ ಕತೇನ ನಿಂಗೂ ಓದಿ ಹೇಳ್ತೀನಿ. ದಿನಾ ಸಂಜೆ, ಒಂದು ಊದುಬತ್ತಿ ಉರಿಯೋವಷ್ಟು ಹೊತ್ತು, ನಿಂಗೆ ತೃಪ್ತಿಯಾಗೋ ತನಕ. ನಿನಗಿಂತ ಮುಂದೆ ಒಂದು ಪುಟಾನೂ ಓದಲ್ಲ."

ಕೊನೆಯ ವಾಕ್ಯ ಬೇಕಿರಲಿಲ್ಲ. ಅದು ಬರೀ ಶೋಕಿಗೆ ಹಾಕಿದ್ದು.

ಹೌದು. ಹೌದು. ಹೌದು. ಮರದ ಕೆಳಗೆ ಕ್ಷೌರದ ಕುರ್ಚಿ ಹಾಕಿಕೊಂಡಿದ್ದ ಲಿಯಾವ್ ಇದನ್ನು ನೋಡುತ್ತ ಗಿರಾಕಿಯ ಒಂದು ಕೆನ್ನೆಗೂದಲನ್ನು ಪೂರ್ತಿ ಬೋಳಿಸಿಬಿಟ್ಟ.

ಅಜ್ಜಿ ಅರ್ಧಚಂದ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸವೆದಿರಲಿಲ್ಲ, ಅಂಟು ಹಚ್ಚಿರಲಿಲ್ಲ. ಮೊಮ್ಮಗಳ ಹರಕೆಯನ್ನು ಒಂದು ಸಲ ಮನಸ್ಸಿನಲ್ಲೇ ಸವರಿದಳು. ಬೆರಳಿಗೆ ಮುಳ್ಳು ಸಿಕ್ಕಿತು.

"ಆಯ್ತು. ದೇವರು ಹೇಳಿದ ಮೇಲೆ ಮುಗೀತು. ನಾಳೆಯಿಂದ ಓದು. ಮೊದಲನೇ ಪುಸ್ತಕದಿಂದ."

"ನಾನು ಇಪ್ಪತ್ಮೂರು ಓದಾಗಿದೆಯಲ್ಲ ಅಜ್ಜಿ."

"ನೀನು ಓದಿದೀಯ. ಅವನು ಓದಿದಾನಾ?"

ಲೋಕದ ಯಾವ ಕಾವಲುಗಾರನೂ ಇಂಥ ಮಾತು ಆಡಿದ್ದಿಲ್ಲ. ಗುಡಿಯೊಳಗಿನ ಮುದುಕ ನಗುತ್ತಲೇ ಇದ್ದ.

ಇಪ್ಪತ್ತನಾಲ್ಕನೆಯ ಪುಸ್ತಕ ಹೇಳಿದ ದಿನಕ್ಕೇ ಬಂತು. ಯೂವೆನ್ ನನ್ನ ಅಂಗಡಿಗೆ ಬಂದು, ಒಂದು ಪ್ರತಿಯನ್ನು ಕೆಂಪು ಕಾಗದದಲ್ಲಿ ಸುತ್ತಿ, ಅಂಟಿನ ಮೇಲೆ ತನ್ನ ಹೆಸರಿನ ಮುದ್ರೆ ಒತ್ತಿ, ಮೇಲಿನ ಅಟ್ಟಕ್ಕೇರಿಸಿದಳು. ತಾನು ಕೇಳಿದರೂ ಕೊಡಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಉಳಿದ ಎರಡು ಪ್ರತಿಗಳಲ್ಲಿ ಒಂದನ್ನು ಔಷಧದಂಗಡಿಯವನ ಮಗ ಚಿಯೇಹಾವ್ ಅದೇ ಸಂಜೆ ಓದಿ ಮುಗಿಸಿದ. ಇನ್ನೊಂದನ್ನು ನಾನು ಓದಿದೆ. ಓದಿ ಯಾಕಾದರೂ ಓದಿದೆನೋ ಎಂದುಕೊಂಡೆ. ಅದು ಆಮೇಲಿನ ಮಾತು.

ಮೊದಲ ಸಂಜೆ ಸಭೆಯಲ್ಲಿದ್ದವರು ದೇವರು ಮತ್ತು ಅಜ್ಜಿ. ಅಜ್ಜಿ ಬಂದದ್ದು ಕತೆಗಲ್ಲ, ಪಹರೆಗೆ. ಬೋಗುಣಿ ತುಂಬ ಮೀನಿಟ್ಟುಕೊಂಡು, ಇದ್ದುದರಲ್ಲೇ ಗಿಡ್ಡ ಊದುಬತ್ತಿ ಆರಿಸಿ, ಸಾಲದೆಂದು ತುದಿಯನ್ನೂ ಮುರಿದು ಹಚ್ಚಿದಳು. ಯೂವೆನ್ ರೈಲಿನಂತೆ ಹೊರಟಳು. ಅಜ್ಜಿ ತಡೆದಳು. ಯಾರ ಮನೆಗೆ ಬೆಂಕಿ ಬಿದ್ದಿದೆ, ಮುದುಕನಿಗೆ ಕಿವಿ ನಿಧಾನ, ಮೆಲ್ಲಗೆ ಓದು ಎಂದಳು. ಮೆಲ್ಲಗೆ ಓದುವುದೆಂದರೆ ಯೂವೆನಳಿಗೆ ಓಡುವ ಕುದುರೆಗೆ ಎತ್ತಿನ ನೊಗ ಹೊರಿಸಿದಂತೆ. ನಾಲ್ಕು ದಿನ ಹಲ್ಲು ಕಚ್ಚಿದಳು. ಐದನೆಯ ದಿನ ನನ್ನ ಅಂಗಡಿಗೆ ಓಡಿಬಂದು, ಎರಡನೆಯ ಬಾವಿಯ ಕಾವಲುಗಾರ ಕುಂಟ ಎಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದಳು. ಈ ಮಾಲೆಯನ್ನು ಆರು ಸಲ ಓದಿದ್ದ ಹುಡುಗಿ ಆರು ಸಲವೂ ಅವನ ಕಾಲನ್ನು ಹಾರಿಕೊಂಡು ಹೋಗಿದ್ದಳು.

ಎರಡನೆಯ ಪುಸ್ತಕಕ್ಕೆ ಲಿಯಾವ್ ಕ್ಷೌರದ ಕುರ್ಚಿಯನ್ನು ಗುಡಿಯ ಕಡೆಗೆ ತಿರುಗಿಸಿದ. ನಾಲ್ಕನೆಯದಕ್ಕೆ ಓಣಿಯ ಮುದುಕಿಯರು ಸೊಪ್ಪು ಬಿಡಿಸುವುದನ್ನು ಅಲ್ಲಿಗೇ ತಂದರು. ಯಾರು ಯಾರ ಮಗ, ಆ ಮಂತ್ರಿಗೆ ಹೆಂಡತಿ ಇಲ್ಲವೆ, ನೆಲದಡಿಯಲ್ಲಿ ಅಕ್ಕಿ ಬೆಳೆಯುವುದು ಹೇಗೆ, ಹೀಗೆ ನೂರು ಪ್ರಶ್ನೆ. ಯೂವೆನ್ ಎಲ್ಲಕ್ಕೂ ಉತ್ತರಿಸಿದಳು. ಪುಸ್ತಕದಲ್ಲಿ ಇಲ್ಲದ್ದಕ್ಕೂ ಅಷ್ಟೇ ಧೈರ್ಯದಿಂದ ಉತ್ತರಿಸಿದಳು. ಆರನೆಯ ಪುಸ್ತಕದ ಹೊತ್ತಿಗೆ ಒಂದು ಸೋಜಿಗ ನಡೆಯಿತು. ಊದುಬತ್ತಿ ಹೆಬ್ಬೆರಳಿನಷ್ಟು ದಪ್ಪವಾಯಿತು. ಅಜ್ಜಿ ಬಸ್ಸು ಹತ್ತಿ ದೊಡ್ಡ ದೇವಸ್ಥಾನದವರೆಗೆ ಹೋಗಿ ತಂದದ್ದು.

ಜನವರಿಯಲ್ಲಿ, ಹದಿನೈದನೆಯ ಪುಸ್ತಕ ನಡೆಯುತ್ತಿದ್ದಾಗ, ಚಿಯೇಹಾವ್ ಸೈಕಲ್ಲಿನಲ್ಲಿ ಬಂದು ಕಾಲೂರಿ ನಿಂತ. ಏಳನೆಯ ಬಾವಿಯಲ್ಲಿ ಏನಿದೆ ಹೇಳಿಬಿಡಲೇ ಎಂದ. ಯೂವೆನ್ ಪುಸ್ತಕ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಅಜ್ಜಿ ಎದ್ದಳು. ಮೀನಿನ ಚೂರಿ ಕೈಯಲ್ಲೇ ಇತ್ತು.

"ಹೇಳಪ್ಪ, ಹೇಳು. ದೇವರಿಗಿಂತ ಮುಂಚೆ ಹೇಳೋ ಗಂಡಸು ಯಾರು ಅಂತ ನಾವೂ ನೋಡ್ತೀವಿ."

ಗಂಡಸು ಸೈಕಲ್ ಬಿಟ್ಟು ಓಡಿದ. ಮಾರನೆಯ ದಿನ ಸೈಕಲ್ಲಿಗೆಂದು ಬಂದವನು ಹಿಂದಿನ ಸಾಲಿನಲ್ಲಿ ತೆಪ್ಪಗೆ ಕೂತ. ಆಮೇಲೆ ದಿನವೂ ಬಂದ. ಓದುತ್ತಿದ್ದ ಯೂವೆನಳನ್ನು ಅವನು ನೋಡುತ್ತಿದ್ದ ರೀತಿಯಲ್ಲಿ ತುಂಟತನವಿರಲಿಲ್ಲ, ಮರುಕವಿತ್ತು. ಅದರ ಕಾರಣ ಓಣಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಏಪ್ರಿಲ್ ನಡುವೆ ಕೆಂಪು ಕಾಗದ ಬಿಚ್ಚಿದರು. ಒಂಬತ್ತನೆಯ ಸಂಜೆ ಕೊನೆಯ ಅಧ್ಯಾಯ. ಅಜ್ಜಿ ದೇವರ ಮುಂದೆ ಕಿತ್ತಳೆ, ಎಳ್ಳಿನ ಮಿಠಾಯಿ ಇಟ್ಟಿದ್ದಳು. ಯೂವೆನ್ ಗಂಟಲು ಸರಿಮಾಡಿಕೊಂಡು ಓದಿದಳು. ಯೆನ್ ಏಳನೆಯ ಬಾವಿಗೆ ಬಗ್ಗಿದ. ಒಳಗಿನಿಂದ ಗಂಟೆಯ ಸದ್ದು ಬಂತು. ಅದು ಶಾಲೆಯ ಗಂಟೆ. ಯೆನ್ ಡೆಸ್ಕಿನಿಂದ ತಲೆ ಎತ್ತಿದ, ಪಠ್ಯಪುಸ್ತಕದ ಮೇಲೆ ಜೊಲ್ಲು ಸುರಿದಿತ್ತು. ಎಲ್ಲವೂ ಕನಸು. ಮುಗಿಯಿತು.

ಲಿಯಾವ್ ಮುಂದಿನ ಪುಟ ಓದು ಎಂದ. ಇಲ್ಲ ಎಂದಳು ಯೂವೆನ್. ಎರಡು ಹಾಳೆ ಅಂಟಿಕೊಂಡಿರಬೇಕು, ಉಗುರಿನಲ್ಲಿ ಬಿಡಿಸಿ ನೋಡು ಎಂದ. ಅವಳು ನೋಡಿದಳು. ಅಂಟಿರಲಿಲ್ಲ. ಅಜ್ಜಿ ನನ್ನತ್ತ ತಿರುಗಿದಳು.

"ನಿಂಗೆ ಗೊತ್ತಿತ್ತೇನೋ?"

ನಾನೂ ಚಿಯೇಹಾವನೂ ಒಟ್ಟಿಗೇ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ಏಳು ತಿಂಗಳು ಕಾದ ಹುಡುಗಿಯ ಮುಖ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಅಜ್ಜಿ ಅರ್ಧಚಂದ್ರಗಳನ್ನು ಎತ್ತಿಕೊಂಡು, ಕತೆ ಮುಗಿಯಿತಂತೆ, ಹರಕೆ ತೀರಿತೇ ಎಂದು ದೇವರನ್ನು ಕೇಳಿದಳು. ಇಲ್ಲ. ಇನ್ನೊಮ್ಮೆ ಕೇಳಿದಳು. ಎರಡೂ ಉಬ್ಬು, ಖಡಾಖಂಡಿತ ಇಲ್ಲ.

"ತೃಪ್ತಿಯಾಗೋ ತನಕ ಅಂದಿದ್ದೆ," ಎಂದಳು ಮೊಮ್ಮಗಳಿಗೆ. "ಅವನಿಗೆ ಆಗಿಲ್ಲ."

"ಪುಸ್ತಕಾನೇ ಮುಗೀತಲ್ಲ ಅಜ್ಜಿ. ಇನ್ನೇನು ಓದ್ಲಿ?"

"ಅದು ನಿನ್ನ ತಲೆನೋವು. ಮಾತು ಕೊಟ್ಟೋಳು ನಾನಲ್ಲ."

ಪರೀಕ್ಷೆಗೆ ಐದೇ ವಾರವಿತ್ತು. ಅದು ಅಜ್ಜಿಗೆ ನೆನಪಿರಲಿಲ್ಲವೆಂದು ಹೇಳಿದರೆ ಆಕೆಗೆ ಅವಮಾನ, ನೆನಪಿತ್ತೆಂದು ಹೇಳಿದರೆ ಇನ್ನೂ ಅವಮಾನ. ನಾನು ಸುಮ್ಮನಿರುತ್ತೇನೆ.

ಯೂವೆನ್ ಅಳಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು. "ಮಾಮ, ನನ್ನ ಸ್ಟೂಲಿಗೆ ಒಂದು ಕಾಲು ಗಿಡ್ಡ ಇದೆ. ಇದನ್ನ ಅದರ ಕೆಳಗೆ ಇಡಿ." ಆಮೇಲೆ ಸಭೆಗೆ ಹೇಳಿದಳು, "ನಾಳೆ ಐದು ಗಂಟೆಗೆ."

ಮರುದಿನ ಬರಿಗೈಯಲ್ಲಿ ಬಂದು ನಿಂತಳು. ಅವಳ ಯೆನ್ ನೆಲದಡಿಯ ರಾಜನಾದ, ಮೂರು ದಿನ ಮೆರವಣಿಗೆಯಾಯಿತು. ಲಿಯಾವ್ ಚಪ್ಪಾಳೆ ತಟ್ಟಿದ. ದೇವರು ಇಲ್ಲ ಎಂದ. ಎರಡನೆಯ ದಿನ ಯೆನ್ ಗೆಳೆಯರನ್ನು ಉಳಿಸಲು ತಾನೇ ಉಪ್ಪಾದ. ಮುದುಕಿಯರು ಸೊಪ್ಪಿನ ಮೇಲೆ ಕಣ್ಣೀರಿಟ್ಟರು. ದೇವರು ನಕ್ಕುಬಿಟ್ಟ. ಇಬ್ಬರು ಮುದುಕಿಯರು ಅವನ ಮೇಲೆ ಬೇಸರ ಮಾಡಿಕೊಂಡು ಎರಡು ದಿನ ಹಣ್ಣಿಡಲಿಲ್ಲ.

ಮೂರನೆಯ ದಿನ ಯೆನ್ ಕಟ್ಟೆಯ ಮೇಲೆ ನಿಂತು ಬಾಯಿ ತೆರೆಯುವ ಮೊದಲೇ ಏಳನೆಯ ಕಾವಲುಗಾರ ತಾನಾಗಿ ಪ್ರಶ್ನೆ ಕೇಳಿದ. ಕಾವಲುಗಾರರು ಪ್ರಶ್ನೆ ಕೇಳಿದ್ದು ಆ ನಾಡಿನ ಚರಿತ್ರೆಯಲ್ಲೇ ಇರಲಿಲ್ಲ. ಮತ್ತೆ ಬರ್ತೀಯಾ? ಹೌದು ಎಂದ ಯೆನ್. ಬಾವಿ ಅವನನ್ನು ಮೇಲಕ್ಕೆತ್ತಿ ಉಪ್ಪಿನ ಗದ್ದೆಯ ಬದುವಿನ ಮೇಲೆ ಇಳಿಸಿತು. ಅವನು ಹೋದ ದಿನದ ಸಂಜೆಯೇ ಇನ್ನೂ ಮುಗಿದಿರಲಿಲ್ಲ. ಎಲ್ಲಿ ಹಾಳಾಗಿ ಹೋಗಿದ್ದೆ, ಗಂಜಿ ಆರಿಹೋಯಿತು ಎಂದು ತಾಯಿ ಬೈದಳು. ಅವನು ತಲೆಬಗ್ಗಿಸಿ ಉಂಡ. ಅವನ ಅಂಗಿಯ ಜೇಬಿನಲ್ಲಿ ಎರಡನೆಯ ಕಾವಲುಗಾರನ ಊರುಗೋಲಿನ ತುಂಡಿತ್ತು.

ಅಜ್ಜಿ ಅರ್ಧಚಂದ್ರಗಳನ್ನು ಬಿಟ್ಟಳು. ಹೌದು. ಎತ್ತಿ ಮತ್ತೆ ಬಿಟ್ಟಳು. ಹೌದು. ಮೂರನೆಯ ಸಲ ಒಂದು ತುಂಡು ಕಲ್ಲಿನ ಮೇಲೆ ಬುಗುರಿಯಂತೆ ತಿರುಗಿ ತಿರುಗಿ, ಲಿಯಾವನ ಕುರ್ಚಿಯ ಕಾಲಿಗೆ ತಾಗಿ ನಿಂತಿತು. ಹೌದು.

ಯೂವೆನ್ ಬಟ್ಟೆಯ ಧೂಳು ಕೊಡವಿ, ಇನ್ನೇನು ಎಂಬಂತೆ ಶಾಲೆಯ ಚೀಲ ಹೆಗಲಿಗೇರಿಸಿದಳು. ಆ ವರ್ಷ ಅವಳು ಕಾಲುವೆಯಾಚೆಯ ಹೈಸ್ಕೂಲಿಗೆ ಸೇರಿದಳು, ಮೊದಲಿಗಳೂ ಅಲ್ಲ, ಕೊನೆಯವಳೂ ಅಲ್ಲ. ಆದರೆ ಆ ಸಂಜೆ ಅವಳು ಎರಡು ಹೆಜ್ಜೆ ಹಾಕಿರಲಿಲ್ಲ, ಅಜ್ಜಿ ಮೀನಿನ ಬೋಗುಣಿಯನ್ನು ಮತ್ತೆ ಮುಂದಕ್ಕೆಳೆದುಕೊಂಡಳು.

"ಎಲ್ಲಿಗೆ ಹೊರಟೆ? ಊದುಬತ್ತಿ ಇನ್ನೂ ಅರ್ಧ ಇದೆ. ಮತ್ತೆ ಬರ್ತೀನಿ ಅಂದನಲ್ಲ ಅವನು, ಯಾವಾಗ ಹೋಗ್ತಾನೆ?"